ಬಿತ್ತನೆ ಮರಿಗಳಲ್ಲಿ ವೈರಸ್ ಇಲ್ಲವೆಂದು ಪಿಸಿಆರ್ ವರದಿ ಬಂದಿತ್ತು. ಈಗ ಗೆಂಡೆಗಳು ಮಾತ್ರ ಸಾಯುತ್ತಿರುವುದೇಕೆ?

ಗೆಂಡೆಕೊಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೀನುಗಳ ವೈರಸ್ ರೋಗಗಳ ಬಗ್ಗೆ ಬಲ್ಲವರು ದಯವಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ.

ಚಳಿಗಾಲದ ಕೊನೆಯಲ್ಲಿ, ನೀರಿನ ಉಷ್ಣತೆ 12ರಿಂದ 13 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಹೊರಗಿನ ಮರಿ ಉತ್ಪಾದನಾ ಕೇಂದ್ರವೊಂದರಿಂದ ಸಾಮಾನ್ಯ ಗೆಂಡೆಯ ಬಲಿತ ಬಿತ್ತನೆ ಮರಿಗಳನ್ನು ತಂದು ಒಂದು ಕೊಳಕ್ಕೆ ಬಿಟ್ಟೆವು. ಅವುಗಳ ಜೊತೆಗೆ ಪ್ರಯೋಗಾಲಯದ ವರದಿಯೂ ಇತ್ತು. ಹತ್ತು ಮರಿಗಳ ಕಿವಿರು ಮತ್ತು ಮೂತ್ರಪಿಂಡದ ತುಣುಕುಗಳನ್ನು ಐದೈದರಂತೆ ಬೆರೆಸಿ ಪಿಸಿಆರ್ ಪರೀಕ್ಷೆ (ವೈರಸ್‌ನ ಡಿಎನ್‌ಎಯನ್ನು ಹಲವು ಪಟ್ಟು ಹೆಚ್ಚಿಸಿ ಗುರುತಿಸುವ ವಿಧಾನ) ನಡೆಸಲಾಗಿದೆ, ಗೆಂಡೆ ಮತ್ತು ಅದರ ಅಲಂಕಾರಿಕ ತಳಿಯಾದ ಕೋಯಿಗಳನ್ನು ಕೊಲ್ಲುವ ಕೋಯಿ ಹರ್ಪಿಸ್ ವೈರಸ್ ಕಂಡುಬಂದಿಲ್ಲ ಎಂದು ಅದರಲ್ಲಿ ಬರೆದಿತ್ತು. ಈಗ ನೀರು 21 ಡಿಗ್ರಿ ದಾಟಿದೆ. ಕೆಲವು ದಿನಗಳಿಂದ ಗೆಂಡೆಗಳು ಮೇವು ಬಿಟ್ಟು, ನೀರು ಒಳಬರುವ ತೂಬಿನ ಬಳಿ ಗುಂಪಾಗಿ ನಿಂತು, ಬಾಯಿ ತೆರೆದು ಉಸಿರಾಡುತ್ತಿದ್ದವು. ಆಮೇಲೆ ಸಾಯತೊಡಗಿದವು, ಮತ್ತು ಸಾವಿನ ಪ್ರಮಾಣ ಪ್ರತಿದಿನ ಏರುತ್ತಿದೆ. ಕಿವಿರಿನಲ್ಲಿ ಬಿಳಿಚಿದ ಪಟ್ಟೆಗಳಿವೆ, ಕಣ್ಣು ಒಳಕ್ಕೆ ಇಳಿದಂತಿದೆ, ಮೈಮೇಲೆ ಕೆಲವೆಡೆ ಲೋಳೆ ಹೆಚ್ಚಾಗಿದ್ದರೆ ಕೆಲವೆಡೆ ಚರ್ಮ ಒರಟಾಗಿದೆ. ಅದೇ ಕೊಳದಲ್ಲಿರುವ ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆಗಳಿಗೆ ಏನೂ ಆಗಿಲ್ಲ. ಬೆಳಗಿನ ಜಾವ ಅಳೆದಾಗಲೂ ಕರಗಿದ ಆಮ್ಲಜನಕ ಸಾಕಷ್ಟಿತ್ತು, ಅಮೋನಿಯಾ ಕೂಡ ಮಿತಿಯಲ್ಲೇ ಇತ್ತು.

ನನಗೆ ಕಾಡುತ್ತಿರುವ ವಿಷಯಗಳು ಇವು. ಪರೀಕ್ಷೆಯಲ್ಲಿ ಇಲ್ಲವೆಂದು ಬಂದ ಮೇಲೂ ಅದೇ ರೋಗ ಬರಲು ಸಾಧ್ಯವೇ, ಅಥವಾ ವರದಿಯೇ ಸುಳ್ಳೇ? ಈ ಮರಿಗಳನ್ನು ಬಿಡದ ಪಕ್ಕದ ಕೊಳದಲ್ಲಿಯೂ ಒಂದೆರಡು ಗೆಂಡೆಗಳು ಮಂಕಾಗಿವೆ. ಎರಡೂ ಕೊಳಗಳಿಗೆ ಒಂದೇ ಬಲೆ ಬಳಸುತ್ತೇವೆ, ಬಕಪಕ್ಷಿಗಳ ಓಡಾಟವೂ ಇದೆ. ಸೋಂಕು ಯಾವುದರಿಂದ ದಾಟಿರಬಹುದು? ಈಗ ಯಾವ ಮಾದರಿಯನ್ನು, ಹೇಗೆ ಕಳುಹಿಸಬೇಕು?

ಕಿವಿರುಪರೀಕ್ಷಕ (ಉತ್ತರ)

ನಾನು ಮೀನುರೋಗ ಪತ್ತೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನೀವು ವಿವರಿಸಿರುವ ಲಕ್ಷಣಗಳು ಕೋಯಿ ಹರ್ಪಿಸ್ ವೈರಸ್ ರೋಗಕ್ಕೆ ಬಹಳ ಹತ್ತಿರವಾಗಿವೆ, ಆದರೆ ಕಣ್ಣಿಗೆ ಕಂಡ ಲಕ್ಷಣಗಳಿಂದ ಇದೇ ಎಂದು ಯಾರೂ ತೀರ್ಮಾನಿಸಬಾರದು. ಮೊದಲು ವರದಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ.

ಆ ವರದಿ ಸುಳ್ಳಾಗಿರಬೇಕಾಗಿಲ್ಲ. ಅದು ಹತ್ತು ಮರಿಗಳ ಬಗ್ಗೆ, ಆ ದಿನದ ಬಗ್ಗೆ, ಆ ಉಷ್ಣತೆಯ ಬಗ್ಗೆ ಹೇಳಿದ ಮಾತು. ನೀವು ಅದನ್ನು ಇಡೀ ಹಿಂಡಿನ ಬಗ್ಗೆ, ಮುಂದಿನ ಋತುವಿನ ಬಗ್ಗೆ ಹೇಳಿದ ಮಾತಾಗಿ ಓದಿದ್ದೀರಿ, ಮತ್ತು ಮಾರಿದವರೂ ನೀವು ಹಾಗೆ ಓದಲೆಂದೇ ಕೊಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಿ. ದೊಡ್ಡ ಹಿಂಡೊಂದರಲ್ಲಿ ನೂರಕ್ಕೆ ಎರಡು ಮರಿಗಳಲ್ಲಿ ಸೋಂಕಿದೆ ಎಂದುಕೊಳ್ಳೋಣ. ಯಾದೃಚ್ಛಿಕವಾಗಿ ಹತ್ತನ್ನು ಎತ್ತಿದರೆ ಆ ಹತ್ತರಲ್ಲಿ ಒಂದೂ ಸೋಂಕಿನ ಮರಿ ಸಿಗದಿರುವ ಸಾಧ್ಯತೆ ಶೇಕಡ 82ರಷ್ಟು. ಅಂದರೆ ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ ಐದರಲ್ಲಿ ನಾಲ್ಕು ಬಾರಿ ಇಂಥ ಹಿಂಡಿಗೆ ಶುದ್ಧ ವರದಿಯೇ ಸಿಗುತ್ತದೆ. ಶೇಕಡ 95ರಷ್ಟು ಭರವಸೆಯಿಂದ ಶೇಕಡ 2ರ ಸೋಂಕನ್ನು ಹಿಡಿಯಬೇಕಾದರೆ ಸುಮಾರು 150 ಮೀನುಗಳು ಬೇಕು. ಶೇಕಡ 5ಕ್ಕೆ ಸುಮಾರು 60, ಶೇಕಡ 10ಕ್ಕೆ ಸುಮಾರು 30 ಸಾಕು. ಇದೂ ಪರೀಕ್ಷೆಯು ಸೋಂಕಿತ ಮೀನನ್ನು ಎಂದೂ ತಪ್ಪಿಸಿಕೊಳ್ಳಲು ಬಿಡುವುದಿಲ್ಲ ಎಂಬ ಭಾವನೆಯ ಮೇಲೆ ನಿಂತ ಲೆಕ್ಕ. ಸುಪ್ತ ಸೋಂಕಿರುವ ಮೀನುಗಳಲ್ಲಿ ಅರ್ಧದಷ್ಟನ್ನು ಮಾತ್ರ ಪರೀಕ್ಷೆ ಗುರುತಿಸುತ್ತದೆ ಎಂದಾದರೆ ಮೊದಲ ಸಂಖ್ಯೆ 300ರ ಹತ್ತಿರಕ್ಕೆ ಹೋಗುತ್ತದೆ.

ಐದು ಮೀನುಗಳ ತುಣುಕನ್ನು ಒಟ್ಟಿಗೆ ಅರೆಯುವುದರಿಂದ ಖರ್ಚು ಉಳಿಯುತ್ತದೆ, ನಿಜ. ಆದರೆ ಐದರಲ್ಲಿ ಒಂದರಲ್ಲಿ ಮಾತ್ರ ವೈರಸ್ ಇದ್ದರೆ ಅದರ ಡಿಎನ್‌ಎ ಐದು ಪಟ್ಟು ತೆಳುವಾಗುತ್ತದೆ. ರಿಯಲ್ ಟೈಮ್ ಪಿಸಿಆರ್‌ನಲ್ಲಿ ಅದು ಎರಡಕ್ಕಿಂತ ಸ್ವಲ್ಪ ಹೆಚ್ಚು ಆವರ್ತಗಳಷ್ಟು (ಒಂದೊಂದು ಆವರ್ತದಲ್ಲಿ ಡಿಎನ್‌ಎ ಸುಮಾರು ಇಮ್ಮಡಿಯಾಗುತ್ತದೆ) ತಡವಾಗಿ ಕಾಣಿಸಿಕೊಳ್ಳುತ್ತದೆ. ಸಾಯುತ್ತಿರುವ ಮೀನಿನಲ್ಲಿ ವೈರಸ್ ಹೇರಳವಾಗಿರುವುದರಿಂದ ಇದು ಲೆಕ್ಕಕ್ಕಿಲ್ಲ. ಆರೋಗ್ಯವಾಗಿ ಕಾಣುವ ವಾಹಕ ಮೀನಿನಲ್ಲಿ ವೈರಸ್ ಪತ್ತೆಯ ಅಂಚಿನಲ್ಲಿಯೇ ಇರುವುದರಿಂದ ಅಷ್ಟೇ ವ್ಯತ್ಯಾಸದಿಂದ ಕೈತಪ್ಪಿ ಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಉಷ್ಣತೆ. ಮೀನು ಶೀತರಕ್ತದ ಪ್ರಾಣಿ. ವೈರಸ್ ಎಷ್ಟು ವೇಗವಾಗಿ ಹೆಚ್ಚಬೇಕು, ಮೀನಿನ ರೋಗನಿರೋಧಕ ಶಕ್ತಿ ಎಷ್ಟು ಚುರುಕಾಗಬೇಕು ಎಂಬೆರಡನ್ನೂ ನೀರಿನ ಉಷ್ಣತೆಯೇ ನಿರ್ಧರಿಸುತ್ತದೆ. ಕೋಯಿ ಹರ್ಪಿಸ್ ರೋಗ ಸಾಮಾನ್ಯವಾಗಿ 16ರಿಂದ 28 ಡಿಗ್ರಿಗಳ ನಡುವೆ ಕಾಣಿಸಿಕೊಳ್ಳುತ್ತದೆ. ಪ್ರಯೋಗಗಳಲ್ಲಿ 13 ಡಿಗ್ರಿಯಲ್ಲಿ ಸೋಂಕು ತಗುಲಿಸಿದ ಗೆಂಡೆಗಳು ಸಾಯಲಿಲ್ಲ, ಆದರೆ ಅವನ್ನು 23 ಡಿಗ್ರಿಯ ನೀರಿಗೆ ಬದಲಾಯಿಸಿದಾಗ ಬೇಗನೆ ಸಾವು ಆರಂಭವಾಯಿತು. ನಿಮ್ಮ ಕೊಳದಲ್ಲಿ ನಡೆದಿರುವುದು ಹೆಚ್ಚುಕಡಿಮೆ ಇದೇ ಇರಬಹುದು. ತಣ್ಣನೆಯ ನೀರಿನಲ್ಲಿ ತೆಗೆದ ಮಾದರಿಗೆ ಶುದ್ಧ ವರದಿ ಬಂದರೆ ಅದಕ್ಕೆ ಹೆಚ್ಚಿನ ಬೆಲೆ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲ ವೈರಸ್‌ಗಳಿಗೂ ಈ ಉಷ್ಣತೆ ಒಂದೇ ಅಲ್ಲ ಎಂಬುದನ್ನೂ ಗಮನದಲ್ಲಿಡಿ: ಗೆಂಡೆಗಳ ವಸಂತಕಾಲದ ವೈರೀಮಿಯಾ ಎಂಬ ಇನ್ನೊಂದು ವೈರಸ್ ರೋಗದ ಸಾವು ಹೆಚ್ಚಾಗಿ 10ರಿಂದ 17 ಡಿಗ್ರಿಗಳ ನಡುವೆ, ಅಂದರೆ ನೀರು ಬಿಸಿಯಾಗತೊಡಗಿದ ದಿನಗಳಲ್ಲಿ ನಡೆಯುತ್ತದೆ, ಆದರೆ ತಿಲಾಪಿಯಾ ಲೇಕ್ ವೈರಸ್‌ನ ಹಾವಳಿ ಬೆಚ್ಚಗಿನ ನೀರಿನದು.

ಈಗ ಮಾದರಿ. ಸತ್ತು ತೇಲುತ್ತಿರುವ ಮೀನನ್ನು ಕಳುಹಿಸಬೇಡಿ. ಬೆಚ್ಚಗಿನ ನೀರಿನಲ್ಲಿ ಅಂಗಾಂಶ ಬಹಳ ಬೇಗ ಕೊಳೆಯುತ್ತದೆ. ರೋಗಲಕ್ಷಣವಿರುವ, ಇನ್ನೂ ಉಸಿರಾಡುತ್ತಿರುವ ಮೀನುಗಳನ್ನು ಆರಿಸಿ. ಸಾಧ್ಯವಾದರೆ ಜೀವಂತವಾಗಿಯೇ ತಲುಪಿಸಿ. ಇಲ್ಲದಿದ್ದರೆ ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿಟ್ಟು, ಮಂಜುಗಡ್ಡೆಯ ಮೇಲೆ, ಹೆಪ್ಪುಗಟ್ಟದಂತೆ ಒಂದು ದಿನದೊಳಗೆ ಕಳುಹಿಸಿ. ಕಿವಿರು, ಮೂತ್ರಪಿಂಡ ಮತ್ತು ಗುಲ್ಮದ ಚಿಕ್ಕ ತುಣುಕುಗಳನ್ನು ಪಿಸಿಆರ್‌ಗಾಗಿ ಎಥನಾಲ್‌ನಲ್ಲಿಯೂ, ಅಂಗಾಂಶ ಪರೀಕ್ಷೆಗಾಗಿ ಹತ್ತು ಶೇಕಡ ತಟಸ್ಥ ಫಾರ್ಮಲಿನ್‌ನಲ್ಲಿಯೂ ಬೇರೆಯಾಗಿ ಇಡಿ. ಫಾರ್ಮಲಿನ್‌ನಲ್ಲಿಟ್ಟ ತುಣುಕು ಸೂಕ್ಷ್ಮದರ್ಶಕಕ್ಕೆ ಬಹಳ ಚೆನ್ನಾಗಿರುತ್ತದೆ, ಪಿಸಿಆರ್‌ಗೆ ಅಷ್ಟಾಗಿ ಒಗ್ಗುವುದಿಲ್ಲ, ವೈರಸ್ ಬೆಳೆಸುವುದಕ್ಕಂತೂ ನಿರುಪಯುಕ್ತ. ಪಕ್ಕದ ಕೊಳದ ಮಂಕಾದ ಮೀನುಗಳನ್ನೂ ಬೇರೆ ಗುರುತಿನೊಂದಿಗೆ ಕಳುಹಿಸಿ. ಪ್ರತಿಯೊಂದು ಚೀಲದ ಮೇಲೆ ನೀರಿನ ಉಷ್ಣತೆಯನ್ನು ಬರೆಯಿರಿ. ನಮಗೆ ಬರುವ ಮಾದರಿಗಳಲ್ಲಿ ಹೆಚ್ಚು ಬಾರಿ ಬಿಟ್ಟುಹೋಗಿರುವ ಮಾಹಿತಿ ಅದೇ.

ತಾಯಿಮೀನು (ಉತ್ತರ)

ಮರಿ ಉತ್ಪಾದನೆಯಲ್ಲಿ ಬಹಳ ವರ್ಷ ದುಡಿದವನಾಗಿ ಹರಡುವಿಕೆಯ ಬಗ್ಗೆ ಮಾತ್ರ ಬರೆಯುತ್ತೇನೆ.

ಬಕಪಕ್ಷಿಯ ಮೇಲೆ ಅನುಮಾನ ಪಡುವುದು ಸಹಜ, ಆದರೆ ನನ್ನ ಅನುಮಾನ ಬಲೆಯ ಮೇಲಿದೆ. ಈ ರೋಗಗಳ ಚರಿತ್ರೆಯನ್ನು ನೋಡಿದರೆ ದೂರದ ಜಿಗಿತಕ್ಕೆ ಹೆಚ್ಚಿನ ಬಾರಿ ಮುಖ್ಯ ಕಾರಣ ಜೀವಂತ ಮೀನಿನ ಸಾಗಣೆಯೇ, ಹತ್ತಿರದ ಜಿಗಿತಕ್ಕೆ ನೀರು, ಬಲೆ, ಬುಟ್ಟಿ, ಸಾಗಣೆಯ ತೊಟ್ಟಿ ಮತ್ತು ನಮ್ಮದೇ ಕೈಕಾಲು. ಕೋಯಿ ಹರ್ಪಿಸ್ ರೋಗ 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕಗಳಲ್ಲಿ ದೊಡ್ಡ ಪ್ರಮಾಣದ ಸಾವನ್ನು ಉಂಟುಮಾಡಿತು. 2002ರಲ್ಲಿ ಇಂಡೊನೇಷ್ಯಾದಲ್ಲಿ, 2003ರಲ್ಲಿ ಜಪಾನಿನ ಕಸುಮಿಗೌರ ಸರೋವರದ ಸಾಕಣೆ ಗೆಂಡೆಗಳಲ್ಲಿ ಕಾಣಿಸಿಕೊಂಡಿತು. ಸಾಗರಗಳನ್ನು ದಾಟಿದ ಆ ಓಟಕ್ಕೆ ಅಲಂಕಾರಿಕ ಕೋಯಿ ಮೀನುಗಳ ವ್ಯಾಪಾರವೇ ದಾರಿಯಾಯಿತು. ಅದು ಬಕದ ಕೆಲಸವಲ್ಲ.

ಪಕ್ಷಿಗಳ ಪಾತ್ರ ವೈರಸ್‌ನಿಂದ ವೈರಸ್‌ಗೆ ಬದಲಾಗುತ್ತದೆ. ಟ್ರೌಟ್ ಮೀನುಗಳ ಮೇದೋಜೀರಕ ಗ್ರಂಥಿಯನ್ನು ಹಾಳುಮಾಡುವ ಐಪಿಎನ್ ವೈರಸ್‌ಗೆ ಹೊರಪೊರೆಯಿಲ್ಲ, ಅದು ಬಹಳ ಗಟ್ಟಿ. ಮೀನು ತಿಂದ ಹಕ್ಕಿಯ ಕರುಳನ್ನು ದಾಟಿ ಹಿಕ್ಕೆಯಲ್ಲಿ ಜೀವಂತವಾಗಿ ಹೊರಬರಬಲ್ಲದು. ಮೀನುಗಳಲ್ಲಿ ರಕ್ತಸ್ರಾವ ಉಂಟುಮಾಡುವ ವಿಎಚ್ಎಸ್‌ನಂಥ, ಕೊಬ್ಬಿನ ಹೊರಪೊರೆ ಇರುವ ವೈರಸ್‌ಗಳು ಹಕ್ಕಿಯ ಹೊಟ್ಟೆಯಲ್ಲಿ ನಾಶವಾಗುತ್ತವೆ. ಹರ್ಪಿಸ್ ವೈರಸ್‌ಗೂ ಹೊರಪೊರೆ ಇದೆ. ಹಾಗಾಗಿ ಹಕ್ಕಿ ಅಪಾಯಕಾರಿಯಾಗುವುದು ಅರೆಜೀವದ ಮೀನನ್ನು ಒಂದು ಕೊಳದಿಂದ ಎತ್ತಿ ಇನ್ನೊಂದರಲ್ಲಿ ಬೀಳಿಸಿದಾಗ. ಸಾಯುತ್ತಿರುವ ಮೀನುಗಳನ್ನು ದಿನಕ್ಕೆರಡು ಬಾರಿ ತೆಗೆದುಹಾಕಿದರೆ ಈ ದಾರಿ ಬಹುಪಾಲು ಮುಚ್ಚುತ್ತದೆ. ವಸಂತಕಾಲದ ವೈರೀಮಿಯಾದಲ್ಲಿ ಮೀನಿನ ಹೇನು ಮತ್ತು ಜಿಗಣೆಗಳೂ ವೈರಸ್ಸನ್ನು ಒಂದು ಮೀನಿನಿಂದ ಇನ್ನೊಂದಕ್ಕೆ ಒಯ್ಯುತ್ತವೆ, ಆದ್ದರಿಂದ ಪರೋಪಜೀವಿಗಳ ಹಾವಳಿ ಇದ್ದರೆ ಅದನ್ನೂ ಹೇಳಿ.

ನೀರಿನ ವಿಷಯದಲ್ಲಿ ಒಂದು ಸಮಾಧಾನವಿದೆ. ಮೀನಿಲ್ಲದ ಸಹಜ ನೀರಿನಲ್ಲಿ, 15 ಡಿಗ್ರಿಯ ಸುಮಾರಿಗೆ, ಕೋಯಿ ಹರ್ಪಿಸ್ ವೈರಸ್ ಸುಮಾರು ಮೂರು ದಿನಗಳಲ್ಲಿ ಸೋಂಕು ಹರಡುವ ಶಕ್ತಿಯನ್ನು ಕಳೆದುಕೊಳ್ಳುವುದು ಕಂಡುಬಂದಿದೆ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದಕ್ಕೆ ಮುಳುವಾಗುತ್ತವೆ ಎಂದು ಭಾವಿಸಲಾಗಿದೆ, ಏಕೆಂದರೆ ಕ್ರಿಮಿರಹಿತ ನೀರಿನಲ್ಲಿ ಅದು ಹೆಚ್ಚು ಕಾಲ ಉಳಿಯುತ್ತದೆ. ಆದರೆ ಸೋಂಕಿತ ಮೀನು ಕೊಳದಲ್ಲಿರುವವರೆಗೆ ಹೊಸ ವೈರಸ್ ಸುರಿಯುತ್ತಲೇ ಇರುವುದರಿಂದ ಈ ಸಮಾಧಾನ ಕೊಳ ಖಾಲಿಯಾದ ಮೇಲಿನದು.

ಬಲೆ, ಬಕೆಟ್, ಬೂಟುಗಳ ಬಗ್ಗೆ: ಮೊದಲು ಲೋಳೆ ಮತ್ತು ಕೆಸರನ್ನು ತೊಳೆದು ತೆಗೆಯಿರಿ, ಆಮೇಲೆ ಸೋಂಕುನಿವಾರಕಕ್ಕೆ ಹಾಕಿ. ಕೊಳೆಯಿರುವಲ್ಲಿ ಕ್ಲೋರಿನ್ ಆಗಲಿ ಅಯೋಡಿನ್ ಆಗಲಿ ಕೊಳೆಯನ್ನೇ ತಿಂದು ಖರ್ಚಾಗಿಬಿಡುತ್ತದೆ. ಈ ವೈರಸ್‌ಗೆ 15 ಡಿಗ್ರಿಯಲ್ಲಿ ಲೀಟರಿಗೆ 200 ಮಿಲಿಗ್ರಾಂ ಅಯೋಡೊಫೋರ್ 20 ನಿಮಿಷ, ಅಥವಾ ಲೀಟರಿಗೆ 60 ಮಿಲಿಗ್ರಾಂ ಬೆಂಜಾಲ್ಕೋನಿಯಂ ಕ್ಲೋರೈಡ್ 20 ನಿಮಿಷ ಸಾಕಾಗುತ್ತದೆ ಎಂದು ದಾಖಲಾಗಿದೆ. ಒಂದು ಕೊಳಕ್ಕೆ ಒಂದೇ ಬಲೆ ಮೀಸಲಿಡುವುದು ಇದೆಲ್ಲಕ್ಕಿಂತ ಸುಲಭ. ಅದು ಆಗದಿದ್ದರೆ ಕೆಲಸವನ್ನು ಆರೋಗ್ಯವಾಗಿರುವ ಕೊಳದಿಂದ ಆರಂಭಿಸಿ ರೋಗದ ಕೊಳದಲ್ಲಿ ಮುಗಿಸಿ. ಈ ಕ್ರಮವನ್ನು ಪಾಲಿಸದ ಕಡೆ ಯಾವ ರಾಸಾಯನಿಕವೂ ಕೈಹಿಡಿಯದು.

ಬೇರುಬಲ್ಲವರು (ಉತ್ತರ)

ಮೇಲಿನ ಇಬ್ಬರೂ ಕೋಯಿ ಹರ್ಪಿಸ್ ಎಂಬ ಒಂದೇ ಹೆಸರಿನ ಸುತ್ತ ಸುತ್ತುತ್ತಿರುವುದು ನನಗೆ ಸ್ವಲ್ಪ ಆತಂಕ ತಂದಿದೆ. ಪಿಸಿಆರ್ ತಾನು ಹುಡುಕಲು ಹೊರಟದ್ದನ್ನು ಮಾತ್ರ ಹುಡುಕುತ್ತದೆ. ಗೆಂಡೆಗಳ ಎಡೀಮಾ ವೈರಸ್ ಎಂಬ ಸಿಡುಬಿನ ಗುಂಪಿನ ವೈರಸ್ಸೊಂದಿದೆ. ಅದೂ ಕಿವಿರನ್ನೇ ಹಾಳುಮಾಡುತ್ತದೆ, ಅದೂ ಗೆಂಡೆ ಮತ್ತು ಕೋಯಿಗಳನ್ನೇ ಕಾಡುತ್ತದೆ, ಅದರಲ್ಲಿಯೂ ಕಣ್ಣು ಒಳಕ್ಕಿಳಿಯುತ್ತದೆ. ಅದರ ಸೋಂಕಿರುವ ಕೋಯಿಗಳು ಕೊಳದ ತಳದಲ್ಲಿ ಒಂದು ಮಗ್ಗುಲಿಗೆ ವಾಲಿ ಮಲಗಿಬಿಡುತ್ತವೆ, ಅಲುಗಿಸಿದರೆ ಸ್ವಲ್ಪ ದೂರ ಈಜಿ ಮತ್ತೆ ಮಲಗುತ್ತವೆ. ಕೋಯಿ ಹರ್ಪಿಸ್‌ಗೆಂದು ರೂಪಿಸಿದ ಪರೀಕ್ಷೆಯಲ್ಲಿ ಅದು ಎಂದಿಗೂ ಕಾಣುವುದಿಲ್ಲ. ಕೋಶಕೃಷಿಯಲ್ಲಿ ಬೆಳೆಸಿ ಹಿಡಿಯೋಣವೆಂದರೆ ಅದು ಅಲ್ಲಿ ಬೆಳೆಯುವುದೂ ಇಲ್ಲ. ಹೀಗಾಗಿ ಬಹಳ ಕಾಲ ಅನೇಕ ಸಾವುಗಳು ಕಾರಣ ತಿಳಿಯದ ಸಾವುಗಳ ಪಟ್ಟಿಗೆ ಸೇರಿಹೋದವು. ಪ್ರಶ್ನೆ ಕೇಳಿದವರು ಎರಡಕ್ಕೂ ಪರೀಕ್ಷೆ ಮಾಡಿಸಬೇಕು, ಮತ್ತು ಕಿವಿರಿನ ತುಣುಕನ್ನು ಬಿಡಲೇಬಾರದು.

ವೈರಸ್ಸಿಗೆ ಹೆಸರಿಡುವ ಮೊದಲೇ ಅದು ಹರಡಿರುತ್ತದೆ ಎಂಬುದಕ್ಕೆ ಉದಾಹರಣೆಗಳು ಕಡಿಮೆಯೇನಿಲ್ಲ. ಗಲಿಲಿ ಸರೋವರದ ಮೀನುಗಾರಿಕೆಯೂ ಇಸ್ರೇಲಿನ ತಿಲಾಪಿಯಾ ಸಾಕಣೆಯೂ 2009ರಿಂದ ಭಾರೀ ಸಾವುಗಳನ್ನು ಕಂಡವು, ತಿಲಾಪಿಯಾ ಲೇಕ್ ವೈರಸ್ಸನ್ನು ಬೇರ್ಪಡಿಸಿ ವಿವರಿಸಿದ್ದು 2014ರಲ್ಲಿ. ಅದರ ಆರ್‌ಎನ್‌ಎ ಹತ್ತು ತುಂಡುಗಳಾಗಿದ್ದು, ಆ ತುಂಡುಗಳಲ್ಲಿ ಬಹುಪಾಲು ಆಗ ಗೊತ್ತಿದ್ದ ಯಾವ ವೈರಸ್ಸನ್ನೂ ಹೋಲುತ್ತಿರಲಿಲ್ಲ. ಹಾಗಿದ್ದ ಮೇಲೆ ಅದನ್ನು ಹುಡುಕುವ ಪರೀಕ್ಷೆ ಮೊದಲೇ ಇರುವುದಾದರೂ ಹೇಗೆ? ಉತ್ತರ ಅಮೆರಿಕದ ಮಹಾಸರೋವರಗಳ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ 2005 ಮತ್ತು 2006ರಲ್ಲಿ ವಿಎಚ್ಎಸ್ ವೈರಸ್‌ನಿಂದ ಮೀನುಗಳು ಗುಂಪುಗುಂಪಾಗಿ ಸತ್ತವು. ಆಮೇಲೆ ಶೈತ್ಯಾಗಾರದಲ್ಲಿದ್ದ ಹಳೆಯ ಮಾದರಿಗಳನ್ನು ತೆಗೆದು ನೋಡಿದಾಗ, 2003ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಹಿಡಿದ ಮಸ್ಕಲಂಜ್ ಎಂಬ ಮೀನಿನಲ್ಲಿಯೂ ಅದೇ ವೈರಸ್ ಸಿಕ್ಕಿತು. ಆ ತಳಿ 25ಕ್ಕೂ ಹೆಚ್ಚು ಜಾತಿಯ ಮೀನುಗಳಿಗೆ ತಗುಲಿತು. ಈ ಕಾರಣಕ್ಕೇ ನನ್ನ ಸಲಹೆ: ಪರೀಕ್ಷೆಗೆ ಕಳುಹಿಸಿದ ಮೇಲೆ ಉಳಿದ ತುಣುಕುಗಳನ್ನು ಎಸೆಯಬೇಡಿ ಎಂದು ಪ್ರಯೋಗಾಲಯದವರಲ್ಲಿ ಕೇಳಿಕೊಳ್ಳಿ.

ಇನ್ನೊಂದು ಮಾತು. ಸತ್ತ ಮೀನಿನಲ್ಲಿ ಏರೋಮೊನಾಸ್ ಬ್ಯಾಕ್ಟೀರಿಯಾ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಬೇಡಿ. ವೈರಸ್‌ನಿಂದ ಚರ್ಮ, ಕಿವಿರು ಹಾಳಾದ ಮೀನಿಗೆ ನೀರಿನಲ್ಲಿ ಸದಾ ಇರುವ ಈ ಬ್ಯಾಕ್ಟೀರಿಯಾ ಮುತ್ತಿಕೊಳ್ಳುವುದು ಸಾಮಾನ್ಯ. ಅದನ್ನೇ ಕಾರಣವೆಂದು ತಿಳಿದು ಪ್ರತಿಜೀವಕ ಔಷಧ ಸುರಿದರೆ ವೈರಸ್‌ಗೆ ಏನೂ ಆಗುವುದಿಲ್ಲ.

ಗೆಂಡೆಕೊಳ

ಎಲ್ಲರಿಗೂ ಧನ್ಯವಾದ. ನೀವು ಹೇಳಿದಂತೆ ಎರಡೂ ಕೊಳಗಳಿಂದ ಉಸಿರಾಡುತ್ತಿದ್ದ ಮೀನುಗಳನ್ನು ಬೇರೆ ಬೇರೆಯಾಗಿ ಕಳುಹಿಸಿದೆವು. ಮೊದಲ ಕೊಳದ ಎಲ್ಲ ಮೀನುಗಳಲ್ಲಿಯೂ ಕೋಯಿ ಹರ್ಪಿಸ್ ವೈರಸ್ ಇದೆ ಎಂದು ರಿಯಲ್ ಟೈಮ್ ಪಿಸಿಆರ್ ತೋರಿಸಿದೆ; ಎಡೀಮಾ ವೈರಸ್ ಇಲ್ಲ. ಅಂಗಾಂಶ ಪರೀಕ್ಷೆಯಲ್ಲಿ ಕಿವಿರಿನ ಜೀವಕೋಶಗಳ ಅತಿ ಬೆಳವಣಿಗೆ, ಕೊಳೆತ, ಮತ್ತು ಕೋಶಕೇಂದ್ರದೊಳಗೆ ವೈರಸ್‌ನ ಗುರುತುಗಳು ಕಂಡಿವೆ ಎಂದಿದ್ದಾರೆ. ಪಕ್ಕದ ಕೊಳದ ಒಂದು ಮೀನಿನಲ್ಲಿ 37ನೆಯ ಆವರ್ತದಲ್ಲಿ ಸಂಕೇತ ಬಂದಿದೆ, ಉಳಿದವುಗಳಲ್ಲಿ ಬಂದಿಲ್ಲ. ಅದನ್ನು ಅನುಮಾನಾಸ್ಪದ ಎಂದು ಬರೆದಿದ್ದಾರೆ. ಮೀನುಗಾರಿಕೆ ಇಲಾಖೆಗೆ ತಿಳಿಸಿದ್ದೇವೆ, ಎರಡೂ ಕೊಳಗಳಿಂದ ಮೀನು ಸಾಗಿಸುವುದನ್ನು ನಿಲ್ಲಿಸಿದ್ದೇವೆ.

ಮೂರು ಸಂದೇಹಗಳು ಉಳಿದಿವೆ. ಆ 37ನ್ನು ಹೇಗೆ ಓದಬೇಕು? ಮೀನು ಹಿಡಿಯದೆ ನೀರನ್ನೇ ಪರೀಕ್ಷಿಸಿ ಉಳಿದ ಕೊಳಗಳ ಮೇಲೆ ಕಣ್ಣಿಡಬಹುದೇ? ನೀರನ್ನು 30 ಡಿಗ್ರಿಗೆ ಏರಿಸಿದರೆ ಸಾವು ನಿಲ್ಲುತ್ತದೆ ಎಂದು ಒಬ್ಬರು ಹೇಳುತ್ತಿದ್ದಾರೆ, ಅದು ಸರಿಯೇ?

ನೀರಿನಮಾದರಿ (ಉತ್ತರ)

ನೀರಿನ ಪರೀಕ್ಷೆಯ ಬಗ್ಗೆ ನಾನು ಬರೆಯುತ್ತೇನೆ. ಸಾಧ್ಯವಿದೆ, ನಡೆದೂ ಇದೆ. ಜಪಾನಿನ ಬಿವಾ ಸರೋವರದಲ್ಲಿ 2004ರಲ್ಲಿ ಲಕ್ಷಕ್ಕೂ ಹೆಚ್ಚು ಗೆಂಡೆಗಳು ಈ ರೋಗದಿಂದ ಸತ್ತವು. ಅದರ ನಂತರದ ವರ್ಷಗಳಲ್ಲಿ ಅಲ್ಲಿನ ಸಂಶೋಧಕರು ಸರೋವರದ ನೀರನ್ನು ಸೋಸಿ, ಸಾಂದ್ರಗೊಳಿಸಿ, ಅದರಲ್ಲಿ ವೈರಸ್‌ನ ಡಿಎನ್‌ಎಯನ್ನು ಪತ್ತೆಹಚ್ಚಿದರು. ಮೀನು ಸಾಯದಿದ್ದ ಕಾಲದಲ್ಲಿಯೂ ಅದು ನೀರಿನಲ್ಲಿ ಸಿಕ್ಕಿತು ಎಂಬುದು ಆ ಕೆಲಸದಿಂದ ತಿಳಿದುಬಂದ ಮುಖ್ಯ ಸಂಗತಿ. ದೊಡ್ಡ ಜಲರಾಶಿಯಲ್ಲಿ 150 ಮೀನು ಹಿಡಿಯುವುದಕ್ಕಿಂತ ಕೆಲವು ಲೀಟರ್ ನೀರು ತುಂಬಿಸಿಕೊಳ್ಳುವುದು ಎಷ್ಟೋ ಸುಲಭ, ಮತ್ತು ಒಂದು ಪಾತ್ರೆ ನೀರು ಇಡೀ ಹಿಂಡಿನ ಮಾತನ್ನು ಸ್ವಲ್ಪಮಟ್ಟಿಗೆ ಹೇಳುತ್ತದೆ.

ಆದರೆ ಇದಕ್ಕೂ ಮಿತಿಗಳಿವೆ. ಕೊಳದ ನೀರಿನಲ್ಲಿ ಪಾಚಿ, ಕೆಸರು, ಕೊಳೆತ ಎಲೆಗಳಿಂದ ಬರುವ ಹ್ಯೂಮಿಕ್ ಆಮ್ಲಗಳು ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತವೆ. ಆಗ ವೈರಸ್ ಇದ್ದರೂ ಇಲ್ಲವೆಂದು ಬರುತ್ತದೆ. ಆದ್ದರಿಂದ ಪ್ರತಿ ಮಾದರಿಯಲ್ಲಿಯೂ ಗೊತ್ತಿರುವ ಬೇರೊಂದು ಡಿಎನ್‌ಎಯನ್ನು ಸೇರಿಸಿ, ಅದು ಸರಿಯಾಗಿ ಕಾಣಿಸುತ್ತದೆಯೇ ಎಂದು ನೋಡುವ ಆಂತರಿಕ ನಿಯಂತ್ರಣ ಇರಬೇಕು. ಅದಿಲ್ಲದ ನೀರಿನ ವರದಿಯನ್ನು ನಾನು ನಂಬುವುದಿಲ್ಲ. ಎರಡನೆಯದಾಗಿ, ಡಿಎನ್‌ಎ ಸಿಕ್ಕ ಮಾತ್ರಕ್ಕೆ ಜೀವಂತ ವೈರಸ್ ಇದೆಯೆಂದಾಗುವುದಿಲ್ಲ, ಮೇಲಿನ ಕೊಳದಿಂದ ಹರಿದು ಬಂದ ಸತ್ತ ವೈರಸ್‌ನ ತುಣುಕೂ ಸಂಕೇತ ಕೊಡುತ್ತದೆ. ಮೂರನೆಯದಾಗಿ, ಆರ್‌ಎನ್‌ಎ ವೈರಸ್‌ಗಳಿಗೆ ಈ ವಿಧಾನ ಇನ್ನಷ್ಟು ಕಷ್ಟ, ಏಕೆಂದರೆ ಆರ್‌ಎನ್‌ಎ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಒಟ್ಟಿನಲ್ಲಿ ನೀರಿನ ಪರೀಕ್ಷೆ ಎಚ್ಚರಿಕೆಯ ಗಂಟೆಯಾಗಬಲ್ಲದು, ರೋಗವನ್ನು ದೃಢಪಡಿಸುವ ಕೆಲಸವನ್ನು ಮೀನಿನ ಅಂಗಾಂಶಕ್ಕೇ ಬಿಡಬೇಕು.

ರಕ್ತದಲ್ಲಿನ ಪ್ರತಿಕಾಯಗಳನ್ನು ಎಲೈಸಾ ವಿಧಾನದಿಂದ ಹುಡುಕುವುದು ಇನ್ನೊಂದು ದಾರಿ, ಮತ್ತು ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ರೋಗದಿಂದ ಬದುಕುಳಿದ ಗೆಂಡೆಯಲ್ಲಿ ವೈರಸ್ ಸುಪ್ತವಾಗಿ ಪಿಸಿಆರ್‌ಗೆ ಸಿಗದಂತಾದ ಮೇಲೂ ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುತ್ತವೆ, ಆದ್ದರಿಂದ ತಾಯಿಮೀನುಗಳು ಹಿಂದೆ ಸೋಂಕನ್ನು ಕಂಡಿವೆಯೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲದು. ಮೀನನ್ನು ಕೊಲ್ಲಬೇಕಾಗಿಯೂ ಇಲ್ಲ. ತೊಡಕೆಂದರೆ ಗೆಂಡೆಗಳ ಸಿಡುಬನ್ನು ಉಂಟುಮಾಡುವ ಹತ್ತಿರದ ಸಂಬಂಧಿ ಹರ್ಪಿಸ್ ವೈರಸ್‌ಗೆ ಹುಟ್ಟಿದ ಪ್ರತಿಕಾಯಗಳೂ ಕೆಳಮಟ್ಟದಲ್ಲಿ ಅಡ್ಡಪ್ರತಿಕ್ರಿಯೆ ತೋರಿಸಬಹುದು.

ಕಿವಿರುಪರೀಕ್ಷಕ (ಉತ್ತರ)

37ರ ಬಗ್ಗೆ: ಆವರ್ತದ ಸಂಖ್ಯೆ ಹೆಚ್ಚಿದಷ್ಟೂ ಆರಂಭದಲ್ಲಿದ್ದ ಡಿಎನ್‌ಎ ಕಡಿಮೆ. ಸಾಯುವ ಮೀನಿನಲ್ಲಿ ಸಂಕೇತ ಬಹಳ ಮೊದಲೇ ಬರುತ್ತದೆ. ಅಷ್ಟು ತಡವಾಗಿ ಬಂದಾಗ ಮೂರು ಸಾಧ್ಯತೆಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕಾಗುತ್ತದೆ: ಸೋಂಕು ಆಗಷ್ಟೇ ತಗುಲಿದೆ, ಮೀನು ಹಳೆಯ ವಾಹಕ, ಅಥವಾ ಮೊದಲ ಕೊಳದ ಮೀನಿನ ಕತ್ತರಿ, ಕೈಗವಸು, ಪೆಟ್ಟಿಗೆಯಿಂದ ಚೂರು ಡಿಎನ್‌ಎ ಇದಕ್ಕೆ ಅಂಟಿದೆ. ಎರಡೂ ಕೊಳದ ಮಾದರಿಗಳು ಒಂದೇ ದಿನ ಒಂದೇ ಮೇಜಿನ ಮೇಲೆ ಕತ್ತರಿಸಲ್ಪಟ್ಟಿದ್ದರೆ ಮೂರನೆಯದನ್ನು ತಳ್ಳಿಹಾಕಲಾಗದು. ಅದೇ ತುಣುಕಿನಿಂದ ಹೊಸದಾಗಿ ಡಿಎನ್‌ಎ ತೆಗೆದು, ವೈರಸ್‌ನ ಬೇರೊಂದು ಜೀನನ್ನು ಗುರಿಯಾಗಿಸುವ ಪಿಸಿಆರ್ ನಡೆಸಿ, ಸಿಕ್ಕ ತುಂಡಿನ ಅನುಕ್ರಮವನ್ನು ಓದಿಸುವಂತೆ ಕೇಳಿ. ಜೊತೆಗೆ ಆ ಕೊಳದಿಂದ ಒಂದು ವಾರದ ನಂತರ ಮತ್ತೆ ಮೀನು ತೆಗೆಯಿರಿ. ನೀರು ಈಗ 21 ಡಿಗ್ರಿಯ ಮೇಲಿದೆ. ಸೋಂಕು ನಿಜವಾಗಿದ್ದರೆ ಅದು ಹೆಚ್ಚು ದಿನ ಬಚ್ಚಿಟ್ಟುಕೊಂಡಿರುವುದಿಲ್ಲ. ಅಲ್ಲಿಯವರೆಗೆ ಆ ಕೊಳವನ್ನು ಸೋಂಕಿತ ಕೊಳವೆಂದೇ ನಡೆಸಿಕೊಳ್ಳಿ.

ನೀರನ್ನು ಬಿಸಿಮಾಡುವ ವಿಷಯ ಅರ್ಧ ನಿಜ. 30 ಡಿಗ್ರಿಯಲ್ಲಿ ಈ ವೈರಸ್ ಸರಿಯಾಗಿ ಹೆಚ್ಚಲಾರದು, ಸಾವು ನಿಲ್ಲುತ್ತದೆ. ಮೀನುಗಳಿಗೂ ಇದು ಗೊತ್ತಿರುವಂತಿದೆ: ಒಂದರಿಂದ ಇನ್ನೊಂದಕ್ಕೆ ಈಜಿಹೋಗಬಹುದಾದ, 24, 28 ಮತ್ತು 32 ಡಿಗ್ರಿಗಳ ಮೂರು ಕೋಣೆಗಳಿರುವ ತೊಟ್ಟಿಯಲ್ಲಿ ಬಿಟ್ಟಾಗ, ಸೋಂಕಿತ ಗೆಂಡೆಗಳು ತಾವಾಗಿಯೇ ಅತಿ ಬಿಸಿಯ ಕೋಣೆಗೆ ಹೋಗಿ ನಿಂತು ಬದುಕುಳಿದುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಇಸ್ರೇಲಿನಲ್ಲಿ ಮರಿಗಳನ್ನು ಕೆಲವು ದಿನ 22ರಿಂದ 23 ಡಿಗ್ರಿಯಲ್ಲಿ ಸೋಂಕಿಗೆ ಒಡ್ಡಿ, ಆಮೇಲೆ 30 ಡಿಗ್ರಿಗೆ ಏರಿಸಿ ನಿರೋಧಕ ಶಕ್ತಿ ಬರಿಸುವ ಪದ್ಧತಿಯೂ ಇತ್ತು. ಆದರೆ ಹಾಗೆ ಉಳಿದ ಮೀನುಗಳು ವೈರಸ್ಸನ್ನು ಕಳೆದುಕೊಂಡಿರುವುದಿಲ್ಲ. ಹರ್ಪಿಸ್ ಗುಂಪಿನ ಇತರ ವೈರಸ್‌ಗಳಂತೆ ಇದೂ ಸುಪ್ತವಾಗಿ, ಬಿಳಿರಕ್ತಕಣಗಳಲ್ಲಿ, ಉಳಿದು, ಉಷ್ಣತೆಯ ಏರಿಳಿತ, ಸಾಗಣೆ, ಬಲೆಯ ಒತ್ತಡಗಳಿಂದ ಮತ್ತೆ ಎದ್ದು ನೀರಿಗೆ ಬರುತ್ತದೆ. ನಿಮಗೆ ಬಂದ ಬಿತ್ತನೆ ಮರಿಗಳೂ ಇಂಥ ಬದುಕುಳಿದ ತಾಯಿಮೀನುಗಳ ಕೊಳದ ಸಂಪರ್ಕದಿಂದ ಬಂದಿರಬಹುದು. ತೆರೆದ ಕೊಳವನ್ನು ಬಿಸಿಮಾಡಲು ಹೇಗೂ ಆಗದು. ತೊಟ್ಟಿಗಳಲ್ಲಿ ಆಗುವುದಾದರೂ, ಬಿಸಿನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ, ಕಿವಿರು ಹಾಳಾದ ಮೀನಿಗೆ ಅದೇ ಪ್ರಾಣಾಂತಿಕ. ಮಾರಾಟಕ್ಕೆ ಮರಿ ಉತ್ಪಾದಿಸುವವರು ಈ ದಾರಿ ಹಿಡಿಯಬಾರದೆಂಬುದು ನನ್ನ ನಿಲುವು.

ತಾಯಿಮೀನು (ಉತ್ತರ)

ಮುಂದಿನ ಬಾರಿ ಮರಿ ತರುವಾಗ ನಾನು ಪಾಲಿಸುವ ಕ್ರಮ ಇದು. ಹೊಸ ಮರಿಗಳನ್ನು ಬೇರೆ ನೀರಿನ, ಬೇರೆ ಬಲೆಯ ತೊಟ್ಟಿಯಲ್ಲಿ 23ರಿಂದ 25 ಡಿಗ್ರಿಯಲ್ಲಿ ನಾಲ್ಕು ವಾರ ಇಡುತ್ತೇನೆ, ಮತ್ತು ಎಂದೂ ಸೋಂಕು ಕಾಣದ ನನ್ನದೇ ಕೆಲವು ಗೆಂಡೆಗಳನ್ನು ಗುರುತು ಹಾಕಿ ಅವುಗಳ ಜೊತೆ ಬಿಡುತ್ತೇನೆ. ವಾಹಕ ಮರಿಯಲ್ಲಿ ಲಕ್ಷಣ ಕಾಣದಿದ್ದರೂ ಈ ಕಾವಲು ಮೀನುಗಳು ಕಾಯಿಲೆ ಬೀಳುತ್ತವೆ. ನಾಲ್ಕನೆಯ ವಾರದ ಕೊನೆಯಲ್ಲಿ ಕಾವಲು ಮೀನುಗಳನ್ನೇ ಪಿಸಿಆರ್‌ಗೆ ಕಳುಹಿಸುತ್ತೇನೆ. ಚಿನ್ನದ ಮೀನನ್ನು ಕಾವಲಿಗೆ ಬಳಸಬೇಡಿ. ಅದು ರೋಗ ಬೀಳದೆಯೇ ಈ ವೈರಸ್ಸನ್ನು ಹೊತ್ತಿರಬಲ್ಲದು. ಹುಲ್ಲುಗೆಂಡೆಯೂ ಬೇಡ, ನಿಮ್ಮ ಕೊಳದಲ್ಲೇ ನೋಡಿದಿರಲ್ಲ. ಅಂದಹಾಗೆ, ಈಗ ಕೊಳದಲ್ಲಿ ಆರೋಗ್ಯವಾಗಿರುವ ಆ ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳನ್ನು ಬೇರೆ ಕೊಳಕ್ಕೆ ಸಾಗಿಸುವ ಯೋಚನೆಯಿದ್ದರೆ ಕೈಬಿಡಿ. ಅವುಗಳ ಮೈಯ ಲೋಳೆಯಲ್ಲಿ, ಜೊತೆಗೆ ಹೋಗುವ ನೀರಿನಲ್ಲಿ ವೈರಸ್ ಹೋಗುತ್ತದೆ. ಇಲಾಖೆಯವರು ಕೊಳ ಖಾಲಿಮಾಡಲು ಹೇಳಿದರೆ, ನೀರನ್ನು ಹೊರಗಿನ ಕಾಲುವೆಗೆ ಬಿಡುವ ಮೊದಲು ಕ್ಲೋರಿನ್ ಹಾಕಿ ನಿಲ್ಲಿಸುವ ಬಗ್ಗೆ ಅವರಿಂದಲೇ ಬರಹದಲ್ಲಿ ಸೂಚನೆ ಪಡೆಯಿರಿ, ತಳವನ್ನು ಸುಟ್ಟ ಸುಣ್ಣ ಹಾಕಿ ಬಿರುಕು ಬಿಡುವವರೆಗೆ ಒಣಗಿಸಿ.